ಎದೆಯೊಳಗಿನ ಐಸಿಡಿ, ಮಂಚದ ಪಕ್ಕದ ಪೆಟ್ಟಿಗೆ ಮತ್ತು ಅಪ್ಪನ ನಿದ್ದೆ

ಪ್ರಶ್ನೆ: ನಮ್ಮದು ಶೃಂಗೇರಿ ಸಮೀಪದ ಹಳ್ಳಿ. ಅಪ್ಪನಿಗೆ 64 ವರ್ಷ. ನಾಲ್ಕು ವರ್ಷಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದರು. ಹೃದಯದ ಪಂಪಿಂಗ್ ಶೇ 28ಕ್ಕೆ ಇಳಿದಿದೆ ಎಂದು ಕಳೆದ ವರ್ಷ ಐಸಿಡಿ (ಬಡಿತ ಅಪಾಯಕಾರಿಯಾದಾಗ ಶಾಕ್ ಕೊಟ್ಟು ಸರಿಪಡಿಸುವ ಸಾಧನ) ಅಳವಡಿಸಿದರು. ಜೊತೆಗೆ ಮಂಚದ ಪಕ್ಕ ಇಡಲು ಒಂದು ಪೆಟ್ಟಿಗೆ ಕೊಟ್ಟು, ‘ಇದರ ಮೂಲಕ ನಾವು ದೂರದಿಂದಲೇ ನೋಡುತ್ತಿರುತ್ತೇವೆ’ ಎಂದರು. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ತೋಟಕ್ಕೆ ನೀರು ಬಿಡಲು ಹೋದಾಗ ಶಾಕ್ ಹೊಡೆಯಿತು. ಆಸ್ಪತ್ರೆಯಲ್ಲಿ ‘ಸಾಧನ ತನ್ನ ಕೆಲಸ ಮಾಡಿದೆ, ಹೆದರಬೇಡಿ’ ಎಂದು ಕಳುಹಿಸಿದರು. ಅಂದಿನಿಂದ ಅಪ್ಪ ಒಬ್ಬರೇ ತೋಟಕ್ಕೆ ಇಳಿಯುವುದಿಲ್ಲ. ರಾತ್ರಿ ಎದ್ದೆದ್ದು ಪೆಟ್ಟಿಗೆಯ ದೀಪ ನೋಡುತ್ತಾರೆ. ಮಳೆಗೆ ಕರೆಂಟ್ ಹೋದರೆ ಅಮ್ಮನನ್ನೂ ಎಬ್ಬಿಸುತ್ತಾರೆ. ಎದೆ ಸ್ವಲ್ಪ ಹೊಡೆದುಕೊಂಡರೂ ಗುಂಡಿ ಒತ್ತಿ ವರದಿ ಕಳುಹಿಸುತ್ತಾರೆ, ಆಸ್ಪತ್ರೆಯಿಂದ ಉತ್ತರವಿಲ್ಲ. ನಾನು ಬೆಂಗಳೂರಿನಲ್ಲಿದ್ದೇನೆ. ಈ ಪೆಟ್ಟಿಗೆಯಿಂದ ಉಪಕಾರವೋ ಅಪಕಾರವೋ? ಹಿಂದಿರುಗಿಸಿಬಿಡಬಹುದೇ? ಇಟ್ಟುಕೊಳ್ಳುವುದಾದರೆ ಅದರ ಮಾಹಿತಿ ನನ್ನ ಮೊಬೈಲಿಗೂ ಬರುವಂತೆ ಮಾಡಿಸಿಕೊಳ್ಳಲೇ?

ಉತ್ತರ: ಕರೆಂಟ್ ಹೋದರೆ ನಿಮ್ಮ ತಂದೆಯವರ ಐಸಿಡಿಗೆ ಏನೂ ಆಗುವುದಿಲ್ಲ. ಈ ಮಾತನ್ನು ಅವರಿಗೂ ಅಮ್ಮನಿಗೂ ಇವತ್ತೇ ಫೋನ್ ಮಾಡಿ ಹೇಳಿ, ಉಳಿದದ್ದನ್ನು ಆಮೇಲೆ ಓದಿ. ಬಡಿತವನ್ನು ಕ್ಷಣಕ್ಷಣವೂ ಗಮನಿಸುವುದು, ಅದು ಅಪಾಯದ ವೇಗಕ್ಕೆ ಏರಿದರೆ ಗುರುತಿಸುವುದು, ಅಗತ್ಯ ಬಿದ್ದರೆ ಶಾಕ್ ಕೊಡುವುದು, ಇಷ್ಟೂ ಕೆಲಸ ಭುಜದ ಕೆಳಗೆ ಎದೆಯ ಚರ್ಮದಡಿಯಲ್ಲಿರುವ ಸಾಧನದ್ದು. ಅದಕ್ಕೆ ತನ್ನದೇ ಬ್ಯಾಟರಿ ಇದೆ. ಸಾಮಾನ್ಯವಾಗಿ ಎಂಟು ಹತ್ತು ವರ್ಷ ಬಾಳುತ್ತದೆ. ಮಂಚದ ಪಕ್ಕದ ಪೆಟ್ಟಿಗೆ ಆ ಸಾಧನ ಬರೆದಿಟ್ಟುಕೊಂಡ ದಿನಚರಿಯನ್ನು ಆಸ್ಪತ್ರೆಗೆ ಮುಟ್ಟಿಸುವ ಅಂಚೆಯವನು, ಅಷ್ಟೇ. ಅಂಚೆಯವನು ನಾಲ್ಕು ದಿನ ಬರದಿದ್ದರೆ ಕಾಗದ ತಡವಾಗುತ್ತದೆ, ಕಾಗದ ಬರೆದವರಿಗೆ ಏನೂ ಆಗುವುದಿಲ್ಲ. ಕರೆಂಟ್ ಬಂದ ಮೇಲೆ ಪೆಟ್ಟಿಗೆ ತಾನಾಗಿಯೇ ಸಾಧನವನ್ನು ಹುಡುಕಿಕೊಂಡು ಬಾಕಿ ಇದ್ದದ್ದನ್ನು ಕಳುಹಿಸುತ್ತದೆ.

ದೀಪವೂ ಹಾಗೆಯೇ. ಹೆಚ್ಚಿನ ಪೆಟ್ಟಿಗೆಗಳಲ್ಲಿ ಅದು ತಿಳಿಸುವುದು ಪೆಟ್ಟಿಗೆಯ ಸಂಗತಿಯನ್ನು: ವಿದ್ಯುತ್ ಇದೆಯೇ, ನೆಟ್‌ವರ್ಕ್ ಸಿಕ್ಕಿದೆಯೇ, ವರದಿ ಹೋಯಿತೇ. ಹೃದಯ ಹೇಗಿದೆ ಎಂಬುದನ್ನು ಅದು ಹೇಳುವುದಿಲ್ಲ. ಬಣ್ಣ ಬದಲಾದರೆ ಏನರ್ಥ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಪೆಟ್ಟಿಗೆಯ ಜೊತೆ ಬಂದ ಪುಸ್ತಕದಿಂದ ಆ ಒಂದು ಪುಟವನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಮ್ಮನ ಕೈಗೆ ಕೊಡಿ.

‘ದೂರದಿಂದಲೇ ನೋಡುತ್ತಿರುತ್ತೇವೆ’ ಎಂಬ ಮಾತನ್ನು ನಾವು ವೈದ್ಯರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಕೇಳಿದವರ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ: ಎಲ್ಲೋ ಒಂದು ಕೋಣೆಯಲ್ಲಿ ಪರದೆಯ ಮುಂದೆ ಯಾರೋ ಹಗಲಿರುಳು ಕುಳಿತಿದ್ದಾರೆ, ತನ್ನ ಬಡಿತದ ಗೆರೆ ಅವರೆದುರು ಓಡುತ್ತಿದೆ, ತಪ್ಪಿದರೆ ತಕ್ಷಣ ಫೋನ್ ಬರುತ್ತದೆ. ಹಾಗೆ ನಡೆಯುವುದಿಲ್ಲ. ಮಧ್ಯರಾತ್ರಿ ಕಳೆದ ಮೇಲೆ, ಸಾಮಾನ್ಯವಾಗಿ ಎಲ್ಲರೂ ನಿದ್ದೆಯಲ್ಲಿರುವ ಹೊತ್ತಿಗೆ, ಎರಡು ಮೂರು ಮೀಟರ್ ಒಳಗಿರುವ ಸಾಧನದೊಂದಿಗೆ ಪೆಟ್ಟಿಗೆ ನಿಸ್ತಂತುವಾಗಿ ಸಂಪರ್ಕ ಬೆಳೆಸುತ್ತದೆ. ಬ್ಯಾಟರಿ ಎಷ್ಟಿದೆ, ಹೃದಯಕ್ಕೆ ಹೋಗಿರುವ ಲೀಡ್ ತಂತಿಗಳು ಸರಿಯಾಗಿವೆಯೇ, ಬಡಿತದ ಏರುಪೇರು ಏನಾದರೂ ದಾಖಲಾಗಿದೆಯೇ ಎಂಬುದನ್ನು ತೆಗೆದುಕೊಂಡು ಮೊಬೈಲ್ ನೆಟ್‌ವರ್ಕ್ ಮೂಲಕ ಕಂಪನಿಯ ಸರ್ವರ್‌ಗೆ ಕಳುಹಿಸುತ್ತದೆ. ಕೆಲವು ಕಂಪನಿಗಳ ಸಾಧನ ಪ್ರತಿದಿನ ವರದಿ ಕಳುಹಿಸುತ್ತದೆ. ಇನ್ನು ಕೆಲವು ದಿನವೂ ನೋಡಿ, ತುರ್ತು ಸಂಗತಿ ಇದ್ದರೆ ಮಾತ್ರ ಆಗಲೇ ತಿಳಿಸಿ, ಪೂರ್ಣ ವರದಿಯನ್ನು ಮೂರು ತಿಂಗಳಿಗೊಮ್ಮೆ ಕಳುಹಿಸುತ್ತವೆ. ಸರ್ವರ್ ತುರ್ತಿನದನ್ನು ಬೇರ್ಪಡಿಸಿ ಗುರುತು ಹಾಕುತ್ತದೆ. ಆಸ್ಪತ್ರೆಯ ಡಿವೈಸ್ ಕ್ಲಿನಿಕ್‌ನ ತಂತ್ರಜ್ಞರೋ ನರ್ಸೋ ಕೆಲಸದ ವೇಳೆಯಲ್ಲಿ ಅದನ್ನು ತೆರೆದು ನೋಡಿ, ಬೇಕೆನಿಸಿದ್ದನ್ನು ವೈದ್ಯರ ಮುಂದಿಡುತ್ತಾರೆ. ಭಾನುವಾರ ಬಂದ ವರದಿ ಸೋಮವಾರ ತೆರೆಯಬಹುದು. ಇದು ತುರ್ತು ಸೇವೆಯಲ್ಲ. ಎದೆನೋವು ಬಂದಾಗ ಗುಂಡಿ ಒತ್ತಿ ಕಾಯುತ್ತಾ ಕುಳಿತ ರೋಗಿಗಳನ್ನು ಕಂಡಿದ್ದೇನೆ, ಆದ್ದರಿಂದಲೇ ಒತ್ತಿ ಹೇಳುತ್ತಿದ್ದೇನೆ: ಮೈಗೆ ಹುಷಾರಿಲ್ಲ ಎನಿಸಿದಾಗ ಪೆಟ್ಟಿಗೆಯ ಕಡೆ ನೋಡಬಾರದು, ಆಸ್ಪತ್ರೆಯ ಕಡೆ ಹೊರಡಬೇಕು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಒಂದು ಚಿಕ್ಕ ವಾಕ್ಯ, ‘ಆಸ್ಪತ್ರೆಯಿಂದ ಉತ್ತರವಿಲ್ಲ’. ಆಸ್ಪತ್ರೆಯ ಕಡೆಯಿಂದ ನೋಡಿದರೆ ಮೌನ ಎಂದರೆ ಎಲ್ಲ ಸರಿಯಾಗಿದೆ ಎಂದು. ಮಂಚದ ಮೇಲೆ ಮಲಗಿದವರಿಗೆ ಅದೇ ಮೌನ ಎರಡು ರೀತಿ ಕೇಳಿಸುತ್ತದೆ: ಎಲ್ಲ ಸರಿಯಾಗಿದೆ, ಇಲ್ಲವೇ ಯಾರೂ ನೋಡಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಕುಳಿತ ಮನುಷ್ಯನಿಗೆ ಎರಡನೆಯದೇ ನಿಜವೆನಿಸುತ್ತದೆ. ಆಗ ಅವನು ಇನ್ನೊಮ್ಮೆ ಗುಂಡಿ ಒತ್ತುತ್ತಾನೆ. ಹಾಗೆ ಮತ್ತೆ ಮತ್ತೆ ಒತ್ತಿ ಕಳುಹಿಸುವ ವರದಿಗಳು ಐಸಿಡಿಯ ಬ್ಯಾಟರಿಯನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತವೆ, ಕ್ಲಿನಿಕ್‌ನವರ ಸಮಯವನ್ನೂ. ನಿಮ್ಮ ತಂದೆಯವರ ತಪ್ಪೇನೂ ಇಲ್ಲ. ಗುಂಡಿಯನ್ನು ಯಾವಾಗ ಒತ್ತಬೇಕು, ಒತ್ತಿದ ಮೇಲೆ ಯಾರು ಎಷ್ಟು ಹೊತ್ತಿಗೆ ಉತ್ತರಿಸುತ್ತಾರೆ ಎಂದು ಅವರಿಗೆ ಯಾರೂ ಹೇಳಿಲ್ಲ.

ಹಾಗಾದರೆ ಪೆಟ್ಟಿಗೆಯಿಂದ ಉಪಕಾರವೇನು? ಮೊದಲ ಐಸಿಡಿಯನ್ನು ಮನುಷ್ಯರಿಗೆ ಅಳವಡಿಸಿದ್ದು 1980ರ ಫೆಬ್ರುವರಿಯಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ. ಮಿಷೆಲ್ ಮಿರೊವ್ಸ್ಕಿ ಎಂಬ ವೈದ್ಯರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಿಡದೆ ಹಿಡಿದ ಹಟದ ಫಲ ಅದು. ಹೊಟ್ಟೆಯ ಚರ್ಮದಡಿ ಇಡಬೇಕಾದಷ್ಟು ದೊಡ್ಡದಾಗಿದ್ದ ಆ ಸಾಧನ ಶಾಕ್ ಕೊಟ್ಟು ಜೀವ ಉಳಿಸುತ್ತಿತ್ತು, ಆದರೆ ಶಾಕ್ ಏಕೆ ಕೊಟ್ಟೆ ಎಂದು ಕೇಳಿದರೆ ತೋರಿಸಲು ಅದರಲ್ಲಿ ದಾಖಲೆ ಇರುತ್ತಿರಲಿಲ್ಲ. ದಾಖಲೆ ಇಟ್ಟುಕೊಳ್ಳುವ ಸಾಧನಗಳು ಬಂದ ಮೇಲೂ ಅದನ್ನು ಓದಲು ರೋಗಿ ಆಸ್ಪತ್ರೆಗೇ ಬರಬೇಕಿತ್ತು, ಮೂರರಿಂದ ಆರು ತಿಂಗಳಿಗೊಮ್ಮೆ. ನಡುವೆ ಲೀಡ್ ತಂತಿ ಬಿರುಕು ಬಿಟ್ಟರೆ ಗೊತ್ತಾಗುತ್ತಿದ್ದದ್ದು ಮುಂದಿನ ತಪಾಸಣೆಯಲ್ಲಿ, ಅದಕ್ಕಿಂತ ಮೊದಲೇ ಗೊತ್ತಾದರೆ ಅದು ಶಾಕ್‌ನ ಮೂಲಕ. ಈ ನಡುವಿನ ಕತ್ತಲನ್ನು ದೂರ ನಿಗಾ ವ್ಯವಸ್ಥೆ ಬಹಳ ಮಟ್ಟಿಗೆ ಹೋಗಲಾಡಿಸಿದೆ. 2010ರಲ್ಲಿ ಪ್ರಕಟವಾದ ಟ್ರಸ್ಟ್ ಎಂಬ ಅಮೆರಿಕದ ಅಧ್ಯಯನದಲ್ಲಿ 1,339 ಐಸಿಡಿ ರೋಗಿಗಳಿದ್ದರು. ಬಡಿತದಲ್ಲಿ ತೊಂದರೆ ಕಾಣಿಸಿಕೊಂಡು ವೈದ್ಯರು ಅದನ್ನು ನೋಡುವವರೆಗೆ ಹಳೆಯ ಕ್ರಮದಲ್ಲಿ ಸುಮಾರು 36 ದಿನ ಹಿಡಿಯುತ್ತಿತ್ತು. ಪೆಟ್ಟಿಗೆ ಇದ್ದವರಲ್ಲಿ ಎರಡು ದಿನಕ್ಕಿಂತ ಕಡಿಮೆ. ಸಾಧನದ ತಪಾಸಣೆಗೆಂದು ಆಸ್ಪತ್ರೆಗೆ ಬರುವ ಭೇಟಿಗಳು ಶೇ 45ರಷ್ಟು ಇಳಿದವು, ಅದರಿಂದ ಯಾರಿಗೂ ಹೆಚ್ಚಿನ ತೊಂದರೆಯಾಗಲಿಲ್ಲ. ಫ್ರಾನ್ಸ್‌ನ ಇಕಾಸ್ಟ್ ಅಧ್ಯಯನದಲ್ಲಿ ಅನಗತ್ಯ ಶಾಕ್ ಪಡೆದವರ ಸಂಖ್ಯೆ ಅರ್ಧಕ್ಕೆ ಇಳಿಯಿತು. ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿದು ಬಸ್ ನಿಲ್ಲುವ ಊರಿನವರಿಗೆ ಇದು ಸಣ್ಣ ಉಪಕಾರವಲ್ಲ.

ಆಯುಷ್ಯ ಹೆಚ್ಚುತ್ತದೆಯೇ ಎಂಬುದಕ್ಕೆ ಉತ್ತರ ಒಂದೇ ಆಗಿಲ್ಲ. 2014ರ ಇನ್-ಟೈಮ್ ಅಧ್ಯಯನದಲ್ಲಿ ಹೃದಯ ದುರ್ಬಲವಾಗಿದ್ದ 664 ಮಂದಿಯನ್ನು ಒಂದು ವರ್ಷ ಗಮನಿಸಿದಾಗ ದಿನವೂ ವರದಿ ಹೋಗುತ್ತಿದ್ದ ಗುಂಪಿನಲ್ಲಿ 10 ಸಾವುಗಳಾದರೆ ಇನ್ನೊಂದು ಗುಂಪಿನಲ್ಲಿ 27. ಮೂರು ವರ್ಷಗಳ ನಂತರ ಇಂಗ್ಲೆಂಡಿನಲ್ಲಿ 1,650 ರೋಗಿಗಳ ಮೇಲೆ, ವಾರಕ್ಕೊಮ್ಮೆ ವರದಿ ನೋಡುವ ಕ್ರಮದಲ್ಲಿ ನಡೆದ ರೆಮ್-ಎಚ್ಎಫ್ ಅಧ್ಯಯನದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ನಾನು ಇವೆರಡನ್ನೂ ಓದಿಕೊಂಡಿರುವುದು ಹೀಗೆ: ಮಾಹಿತಿ ಬಂದರಷ್ಟೇ ಸಾಲದು. ಅದು ಬೇಗ ಬರಬೇಕು, ಬಂದದ್ದನ್ನು ನೋಡಿದವರು ಅದೇ ದಿನ ಏನಾದರೂ ಮಾಡಬೇಕು.

ಇನ್ನು ಮನಸ್ಸಿನ ನೆಮ್ಮದಿಯ ವಿಷಯ. ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲಿಯೇ. ಯುರೋಪಿನ ಐದು ದೇಶಗಳಲ್ಲಿ ಸುಮಾರು 600 ಐಸಿಡಿ ರೋಗಿಗಳನ್ನು ಎರಡು ವರ್ಷ ಗಮನಿಸಿದ ರಿಮೋಟ್-ಸಿಐಇಡಿ ಎಂಬ ಅಧ್ಯಯನ ಇದನ್ನೇ ಕೇಳಿತು: ಮನೆಯಲ್ಲಿ ಪೆಟ್ಟಿಗೆ ಇಟ್ಟುಕೊಂಡವರು ಹೆಚ್ಚು ನೆಮ್ಮದಿಯಿಂದ ಇದ್ದಾರೆಯೇ, ಅಥವಾ ಹೆಚ್ಚು ಆತಂಕದಿಂದಲೇ? ಜೀವನದ ಗುಣಮಟ್ಟದಲ್ಲಾಗಲಿ, ಸಾಧನವನ್ನು ತನ್ನದೆಂದು ಒಪ್ಪಿಕೊಳ್ಳುವುದರಲ್ಲಾಗಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಪೆಟ್ಟಿಗೆ ಹೆದರಿಕೆ ಹುಟ್ಟಿಸಲಿಲ್ಲ, ಇದ್ದ ಹೆದರಿಕೆಯನ್ನು ಕಳೆಯಲೂ ಇಲ್ಲ. ಆದ್ದರಿಂದ ನಿಮ್ಮ ತಂದೆಯವರ ನಿದ್ದೆಗೇಡಿಗೆ ಪೆಟ್ಟಿಗೆಯೇ ಮೂಲ ಎಂದು ನನಗೆ ಅನಿಸುತ್ತಿಲ್ಲ. ಮೂಲ ಏಪ್ರಿಲ್‌ನ ಆ ಬೆಳಗಿನ ಶಾಕ್. ಪೆಟ್ಟಿಗೆ ಆ ಭಯ ಹೋಗಿ ಕುಳಿತ ಜಾಗ. ಅದನ್ನು ಎತ್ತಿ ಹೊರಗಿಟ್ಟರೆ ಭಯ ಬೇರೆ ಜಾಗ ಹುಡುಕಿಕೊಳ್ಳುತ್ತದೆ, ನಾಡಿ ಹಿಡಿದು ನೋಡಿಕೊಳ್ಳುವುದೋ ಬಿಪಿ ಯಂತ್ರವೋ.

ಆ ಶಾಕ್‌ಗೆ ಬರೋಣ. ‘ಸಾಧನ ತನ್ನ ಕೆಲಸ ಮಾಡಿದೆ’ ಎಂಬ ಉತ್ತರ ಸಾಲದು. ನೀವು ಕೇಳಬೇಕಾದದ್ದು: ಶಾಕ್ ಬಂದದ್ದು ಹೃದಯದ ನಿಜವಾದ ಅಪಾಯಕ್ಕೋ, ಅಥವಾ ಸಾಧನ ಬೇರೇನನ್ನೋ ಅಪಾಯವೆಂದು ತಿಳಿದು ಕೊಟ್ಟಿತೋ? ಈಗಿನ ಐಸಿಡಿಗಳು ಶಾಕ್ ಕೊಡುವ ಮುನ್ನಿನ ಕ್ಷಣಗಳ ಹೃದಯದ ವಿದ್ಯುತ್ ಗೆರೆಯನ್ನು ಉಳಿಸಿಕೊಂಡಿರುತ್ತವೆ, ತಾರೀಕು ಮತ್ತು ಗಂಟೆ ನಿಮಿಷಗಳ ಸಮೇತ. ನಿಮ್ಮ ಪತ್ರದಲ್ಲಿ ‘ನೀರು ಬಿಡಲು ಹೋದಾಗ’ ಎಂದಿದೆ. ನಾನು ಅಲ್ಲಿಯೇ ನಿಂತೆ. ಇದೇ ರೀತಿ ಪಂಪ್‌ಸೆಟ್ ಬಳಿ ಶಾಕ್ ಹೊಡೆಸಿಕೊಂಡು ಬಂದ ಒಬ್ಬ ರೈತರ ವರದಿ ನನ್ನ ಕಣ್ಣ ಮುಂದಿದೆ. ಹೃದಯದ ಸ್ವಂತ ಬಡಿತ ಗೆರೆಯ ಮೇಲೆ ನಿಗದಿತ ಅಂತರದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು, ನಿಮಿಷಕ್ಕೆ ಎಪ್ಪತ್ತೈದರ ಆಸುಪಾಸು. ಆ ಬಡಿತಗಳ ನಡುವಿನ ಜಾಗವನ್ನೆಲ್ಲ ಸಣ್ಣ ಸಣ್ಣ, ಒಂದೇ ಅಳತೆಯ, ಒತ್ತೊತ್ತಾದ ಹಲ್ಲುಗಳು ತುಂಬಿದ್ದವು, ಗರಗಸದ ಅಲಗಿನ ಹಾಗೆ. ಸೆಕೆಂಡಿಗೆ ಐವತ್ತು. ಅದು ಹೃದಯದ್ದಲ್ಲ, ನಮ್ಮ ದೇಶದ ಕರೆಂಟಿನ ಕಂಪನ. ಅರ್ತಿಂಗ್ ಸರಿಯಿಲ್ಲದ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯನ್ನು ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಮುಟ್ಟಿದ್ದರು. ಸೋರಿಕೆ ಎಷ್ಟು ಸಣ್ಣದೆಂದರೆ ಕೈಗೆ ಜುಮ್ಮೆಂದೂ ಅನಿಸಿರಲಿಲ್ಲ. ಆದರೆ ಐಸಿಡಿ ಅದನ್ನು ಅತಿವೇಗದ ಬಡಿತವೆಂದು ಎಣಿಸಿ ಶಾಕ್ ಕೊಟ್ಟಿತ್ತು. ಅವರಿಗೆ ಬೇಕಾಗಿದ್ದದ್ದು ಹೊಸ ಮಾತ್ರೆಯಲ್ಲ, ಒಬ್ಬ ಎಲೆಕ್ಟ್ರಿಷಿಯನ್.

ನಿಮ್ಮ ತಂದೆಯವರಿಗೂ ಹಾಗೇ ಆಯಿತು ಎಂದು ಇಲ್ಲಿ ಕುಳಿತು ಹೇಳಲಾರೆ. ಪಂಪಿಂಗ್ ಶೇ 28 ಇರುವವರಲ್ಲಿ ನಿಜವಾದ ಅಪಾಯದ ಬಡಿತವೂ ಬರಬಲ್ಲದು, ಹಾಗಿದ್ದರೆ ಆ ಶಾಕ್ ಅವರ ಜೀವ ಉಳಿಸಿದೆ. ಯಾವುದೆಂದು ತಿಳಿಯುವುದು ಮುಖ್ಯ, ಏಕೆಂದರೆ ಎರಡಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ. ಹುಸಿ ಕಾರಣವಾಗಿದ್ದರೆ ಮೋಟಾರಿನ ಅರ್ತಿಂಗ್ ಸರಿಪಡಿಸಿ, ಸ್ಟಾರ್ಟರ್ ಮುಟ್ಟುವಾಗ ಒಣ ಹಲಗೆಯ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಲ್ಲುವುದು. ಹಂದಿ, ಕಾಡುಕೋಣಗಳಿಗೆಂದು ಹಾಕಿದ ಸೋಲಾರ್ ಬೇಲಿಯನ್ನು ಮುಟ್ಟಬಾರದು. ಕಳೆ ಕೊಚ್ಚುವ ಯಂತ್ರವನ್ನಾಗಲಿ ಮರ ಕೊಯ್ಯುವ ಯಂತ್ರವನ್ನಾಗಲಿ ಬಳಸುವುದಾದರೆ ಅದರ ಎಂಜಿನ್ ಎದೆಯಿಂದ ಒಂದು ಅಡಿಯಾದರೂ ದೂರವಿರಲಿ. ನಿಜವಾದ ಕಾರಣವಾಗಿದ್ದರೆ ಮಾತ್ರೆಗಳ ಪ್ರಮಾಣ ನೋಡಬೇಕು, ಸಾಧನದ ಪ್ರೋಗ್ರಾಂ ನೋಡಬೇಕು. ಶಾಕ್ ಕೊಡುವ ಮೊದಲು ನೋವಿಲ್ಲದ ವೇಗದ ಪೇಸಿಂಗ್‌ನಿಂದಲೇ, ಅಂದರೆ ಹೃದಯಕ್ಕೆ ಸಣ್ಣ ಸಣ್ಣ ವಿದ್ಯುತ್ ಮಿಡಿತಗಳನ್ನು ಕೊಟ್ಟೇ, ಬಡಿತವನ್ನು ಹದಕ್ಕೆ ತರಲು ಎಷ್ಟೋ ಸಲ ಸಾಧ್ಯ. 2012ರ ಮ್ಯಾಡಿಟ್-ರಿಟ್ ಅಧ್ಯಯನದ ನಂತರ, ಸಾಧನ ಆತುರಪಡದೆ ಸ್ವಲ್ಪ ಕಾದು ನೋಡುವಂತೆ ಪ್ರೋಗ್ರಾಂ ಮಾಡುವುದು ವಾಡಿಕೆಯಾಗಿದೆ. ಅದರಿಂದ ಶಾಕ್‌ಗಳೂ ಕಡಿಮೆಯಾದವು, ಸಾವುಗಳೂ. ಮನೆಯ ಪೆಟ್ಟಿಗೆ ವರದಿ ಓದುತ್ತದೆಯೇ ಹೊರತು ಪ್ರೋಗ್ರಾಂ ತಿದ್ದುವುದಿಲ್ಲ, ಅದಕ್ಕೆ ಆಸ್ಪತ್ರೆಗೇ ಹೋಗಬೇಕು.

ಮುಂದಿನ ಭೇಟಿಯಲ್ಲಿ ಇನ್ನೊಂದನ್ನು ಕೇಳಿ. ಈ ವರದಿಗಳಲ್ಲಿ ದೊಡ್ಡ ದೊಡ್ಡ ಅಂಕಿಗಳ ಕೆಳಗೆ, ಯಾರೂ ಹೆಚ್ಚು ನೋಡದ ಒಂದು ಸಣ್ಣ ಗೆರೆ ಇರುತ್ತದೆ. ರೋಗಿ ದಿನಕ್ಕೆ ಎಷ್ಟು ಹೊತ್ತು ಓಡಾಡಿಕೊಂಡಿದ್ದರು ಎಂಬುದರ ಗೆರೆ. ಐಸಿಡಿಯೊಳಗಿನ ಚಲನೆಯ ಸಂವೇದಕ ಅದನ್ನು ತಿಂಗಳುಗಟ್ಟಲೆ ಬರೆದಿಟ್ಟುಕೊಳ್ಳುತ್ತದೆ. ತೋಟದಲ್ಲಿ ಕೆಲಸ ಮಾಡುವವರ ಗೆರೆ ಸಾಮಾನ್ಯವಾಗಿ ಎತ್ತರದಲ್ಲೇ ಏರಿಳಿಯುತ್ತಿರುತ್ತದೆ. ಶಾಕ್ ಆದ ದಿನದಿಂದ ಅದು ಧಡಕ್ಕನೆ ಕೆಳಗಿಳಿದು ಅಲ್ಲೇ ಮಲಗಿರುವುದನ್ನು ನಾನು ಎಷ್ಟೋ ವರದಿಗಳಲ್ಲಿ ನೋಡಿದ್ದೇನೆ. ಹೃದಯದ ಶಕ್ತಿ ಕುಂದಿದರೂ ಓಡಾಟ ಕಡಿಮೆಯಾಗುತ್ತದೆ, ನಿಜ. ಆದರೆ ಆಗ ಗೆರೆ ವಾರಗಟ್ಟಲೆ ನಿಧಾನವಾಗಿ ಜಾರುವುದು ಹೆಚ್ಚು, ಜೊತೆಗೆ ಕಾಲು ಊತ, ತೂಕ ಏರುವುದು, ಮಲಗಿದರೆ ಉಸಿರು ಕಟ್ಟುವುದು ಇರುತ್ತದೆ. ಒಂದೇ ದಿನದಲ್ಲಿ ಮುರಿದ ಗೆರೆ ಬಹುಮಟ್ಟಿಗೆ ಹೆದರಿಕೆಯದು. ಭಯ ತೋರಿಸುವ ಯಂತ್ರವಿಲ್ಲ, ಆದರೆ ಅದು ಮನುಷ್ಯನನ್ನು ಕೂರಿಸಿಬಿಟ್ಟದ್ದನ್ನು ಈ ಗೆರೆ ತೋರಿಸುತ್ತದೆ. ಅದು ಪ್ರತಿ ವರದಿಯಲ್ಲೂ ಆಸ್ಪತ್ರೆಗೆ ತಲುಪುತ್ತಲೇ ಇರುತ್ತದೆ, ಆದರೂ ‘ಈಚೆಗೆ ಮನೆ ಬಿಟ್ಟು ಹೊರಡುತ್ತಿಲ್ಲವೇ?’ ಎಂದು ಕೇಳುವ ಫೋನ್ ಎಷ್ಟು ಮನೆಗಳಿಗೆ ಹೋಗುತ್ತದೆ? ನಮ್ಮ ಕ್ಷೇತ್ರದಲ್ಲಿ ಬದಲಾಗಬೇಕಾದ ಮೊದಲ ಸಂಗತಿ ಇದು ಎಂದೇ ನಾನು ನಂಬಿದ್ದೇನೆ. ಬ್ಯಾಟರಿಯ ವೋಲ್ಟೇಜ್ ನೋಡುವ ಕಣ್ಣು ಈ ಗೆರೆಯನ್ನೂ ನೋಡಬೇಕು.

ಐಸಿಡಿ ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಚಿಕಿತ್ಸೆ ಬೇಕಾಗುವಷ್ಟು ಆತಂಕವೋ ಖಿನ್ನತೆಯೋ ಇರುತ್ತದೆ, ಶಾಕ್ ಹೊಡೆಸಿಕೊಂಡವರಲ್ಲಿ ಅದು ಇನ್ನೂ ಹೆಚ್ಚು. ಶಾಕ್ ಆದ ಜಾಗದ ಕಡೆ ಹೋಗದಿರುವುದು, ಒಂಟಿಯಾಗಿರಲು ಒಲ್ಲದಿರುವುದು, ನಿದ್ದೆ ಬಾರದಿರುವುದು, ನೀವು ಬರೆದ ಮೂರೂ ಇದರ ಲಕ್ಷಣಗಳೇ. ಕೆಲವರಿಗೆ ನಿದ್ದೆಯಲ್ಲಿ ಶಾಕ್ ಹೊಡೆದಂತಾಗಿ ಎಚ್ಚರವಾಗುತ್ತದೆ. ಸಾಧನದಲ್ಲಿ ನೋಡಿದರೆ ಏನೂ ದಾಖಲಾಗಿರುವುದಿಲ್ಲ. ಅದು ನಟನೆಯಲ್ಲ, ಅನುಭವ ಅವರಿಗೆ ನಿಜವೇ. ಇಂಥ ಹೊತ್ತಿನಲ್ಲಿ ಪೆಟ್ಟಿಗೆ ತುಂಬ ಸಹಾಯಕ: ವರದಿ ಕಳುಹಿಸಿ, ಕ್ಲಿನಿಕ್‌ನಿಂದ ‘ನಿನ್ನೆ ರಾತ್ರಿ ಶಾಕ್ ಆಗಿಲ್ಲ’ ಎಂಬ ಒಂದು ಮಾತು ಬಂದರೆ ಮನಸ್ಸಿಗೆ ಸಿಗುವ ಬಲವೇ ಬೇರೆ. ‘ಧೈರ್ಯ ತಂದುಕೊಳ್ಳಿ’ ಎಂದು ಮನೆಯವರು ಹೇಳುವುದರಿಂದ ಭಯ ಹೋಗುವುದಿಲ್ಲ. ಅದನ್ನು ಇಳಿಸುವ ಕ್ರಮ ಇದೆ. ಮೊದಲು ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರು ಟ್ರೆಡ್‌ಮಿಲ್ ಮೇಲೋ ಕಾರಿಡಾರಿನಲ್ಲೋ ನಡೆಯಲಿ. ಆಮೇಲೆ ಮನೆಯಂಗಳ. ಆಮೇಲೆ ಅಮ್ಮನ ಜೊತೆ ತೋಟದ ದಣಪೆಯವರೆಗೆ, ಒಂದೆರಡು ವಾರ ಬಿಟ್ಟು ಒಳಗೆ, ಕೊನೆಗೆ ಒಬ್ಬರೇ, ಕಿಸೆಯಲ್ಲಿ ಮೊಬೈಲ್ ಇಟ್ಟುಕೊಂಡು. ಮೊಬೈಲ್ ಅಂಗಿಯ ಎಡ ಕಿಸೆಯಲ್ಲಿ ಬೇಡ, ಸಾಧನದಿಂದ ಒಂದು ಗೇಣು ದೂರವಿರಲಿ. ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣುವುದಾದರೆ ಐಸಿಡಿ ಇದೆ ಎಂದು ಮೊದಲೇ ತಿಳಿಸಿ. ಖಿನ್ನತೆಯ ಔಷಧಗಳೆಲ್ಲ ಹೃದಯಕ್ಕೆ ಒಂದೇ ಅಲ್ಲ. ಸರ್ಟ್ರಾಲಿನ್‌ನಂಥವು ಹೃದ್ರೋಗಿಗಳಲ್ಲಿ ಚೆನ್ನಾಗಿ ಪರೀಕ್ಷೆಗೊಳಗಾಗಿವೆ, ಹಳೆಯ ಕೆಲವು ಔಷಧಗಳು ಬಡಿತವನ್ನೇ ಕೆಡಿಸಬಲ್ಲವು. ಊರಿನಲ್ಲಿ ಯಾರೂ ಸಿಗದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಅದರ ಹಿಂದಿರುವ ಮುಖ್ಯ ಸಂಸ್ಥೆ ನಮ್ಮ ನಿಮ್ಹಾನ್ಸ್.

ಭಯಕ್ಕೆ ಒಂದು ಒಳ್ಳೆಯ ಮದ್ದು, ಮತ್ತೆ ಶಾಕ್ ಆದರೆ ಏನು ಮಾಡಬೇಕೆಂಬುದು ಮೊದಲೇ ತೀರ್ಮಾನವಾಗಿರುವುದು. ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಒಂದೇ ಶಾಕ್ ಆಗಿ, ಆಮೇಲೆ ಮೈ ಹಗುರಾಗಿದ್ದರೆ: ಕುಳಿತುಕೊಳ್ಳಿ, ಒಂದು ವರದಿ ಕಳುಹಿಸಿ, ಅದೇ ದಿನ ಕ್ಲಿನಿಕ್‌ಗೆ ಫೋನ್ ಮಾಡಿ. ಒಂದೇ ದಿನದಲ್ಲಿ ಎರಡನೆಯ ಶಾಕ್ ಆದರೆ, ಅಥವಾ ಒಂದೇ ಆದರೂ ಎದೆನೋವು, ಉಬ್ಬಸ, ತಲೆಸುತ್ತು, ಎಚ್ಚರ ತಪ್ಪುವುದು ಇದ್ದರೆ: ಫೋನು, ಪೆಟ್ಟಿಗೆ ಯಾವುದಕ್ಕೂ ಕಾಯದೆ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಹೊರಡಿ. ಎಚ್ಚರ ತಪ್ಪಿ ಉಸಿರು ಸರಿಯಾಗಿ ಆಡದಿದ್ದರೆ ಎದೆಯ ನಡುವೆ ಜೋರಾಗಿ, ವೇಗವಾಗಿ ಒತ್ತುತ್ತಿರಿ. ಅಮ್ಮನಿಗೆ ಇದನ್ನು ಒಮ್ಮೆ ಕೈಹಿಡಿದು ಕಲಿಸಿ. ಶಾಕ್ ಆಗುವಾಗ ಅವರನ್ನು ಮುಟ್ಟಿಕೊಂಡಿದ್ದರೆ ಕೈಗೆ ಸಣ್ಣಗೆ ಜುಮ್ಮೆನ್ನಬಹುದು, ಅಪಾಯವಿಲ್ಲ. ಈ ಮಾತನ್ನು ಎಷ್ಟೋ ಹೆಂಡಂದಿರು ನಮ್ಮನ್ನು ಕೇಳಲು ಸಂಕೋಚಪಡುತ್ತಾರೆ. ಶಾಕ್ ಆದಂದಿನಿಂದ ಪಕ್ಕದಲ್ಲಿ ಮಲಗಲು ಹೆದರಿದವರಿದ್ದಾರೆ. ರೋಗಿಯಷ್ಟೇ, ಕೆಲವೊಮ್ಮೆ ರೋಗಿಗಿಂತ ಹೆಚ್ಚು ಆತಂಕ ಪಡುವವರು ಸಂಗಾತಿಗಳು. ನಿಮ್ಮ ಪತ್ರದಲ್ಲಿ ಅಮ್ಮನ ಬಗ್ಗೆ ಇರುವುದು ಅವರನ್ನು ಎಬ್ಬಿಸುತ್ತಾರೆ ಎಂಬುದಷ್ಟೇ. ಅವರ ನಿದ್ದೆಯನ್ನೂ ವಿಚಾರಿಸಿ.

ಪೆಟ್ಟಿಗೆ ಎಲ್ಲಿಡಬೇಕು ಎಂಬುದು ಮಲೆನಾಡಿನಲ್ಲಿ ನಿಜವಾದ ಪ್ರಶ್ನೆ. ಮಣ್ಣಿನ ದಪ್ಪ ಗೋಡೆಯ ಒಳಕೋಣೆಯಲ್ಲಿ ಮಂಚ, ಸಿಗ್ನಲ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ. ಪೆಟ್ಟಿಗೆಯನ್ನು ಜಗಲಿಯಲ್ಲಿಟ್ಟರೆ ಸಾಧನ ದೂರ, ಕೋಣೆಯಲ್ಲಿಟ್ಟರೆ ನೆಟ್‌ವರ್ಕ್ ದೂರ. ಸುಲಭದ ದಾರಿ ಮಂಚವನ್ನೇ ಸಿಗ್ನಲ್ ಇರುವ ಕೋಣೆಗೆ ಎಳೆದುಕೊಳ್ಳುವುದು. ಮನೆಯಲ್ಲಿ ವೈ-ಫೈ ಇದ್ದರೆ ಅದಕ್ಕೆ ಜೋಡಿಸಲು ಬರುವ ಮಾದರಿಯೇ ಎಂದು ಆಸ್ಪತ್ರೆಯಲ್ಲಿ ಕೇಳಿ. ಇನ್ವರ್ಟರ್ ಇದ್ದರೆ ಅದರ ಪ್ಲಗ್ಗಿಗೆ ಹಾಕಿ. ಕೆಲವು ಹೊಸ ಸಾಧನಗಳಿಗೆ ಪೆಟ್ಟಿಗೆಯೇ ಬೇಡ, ಬ್ಲೂಟೂತ್ ಮೂಲಕ ಮೊಬೈಲ್ ಆ್ಯಪ್ ಸಾಕು. ಆಗ ರಾತ್ರಿ ಮೊಬೈಲನ್ನು ಹತ್ತಿರದಲ್ಲಿ ಚಾರ್ಜಿಗೆ ಹಾಕಿ, ಬ್ಲೂಟೂತ್ ಆನ್ ಇಟ್ಟು ಮಲಗಬೇಕು. ಎದೆಯಿಂದಲೇ ಬೀಪ್ ಸದ್ದೋ ನಡುಕವೋ ಬಂದರೆ ಅದು ಸಾಧನದ ಎಚ್ಚರಿಕೆ: ಬ್ಯಾಟರಿ ಮುಗಿಯುತ್ತಾ ಬಂದಿರಬಹುದು, ಲೀಡ್‌ನಲ್ಲಿ ದೋಷವಿರಬಹುದು. ಅದೇ ದಿನ ಕ್ಲಿನಿಕ್‌ಗೆ ತಿಳಿಸಿ.

ಆಸ್ಪತ್ರೆಯವರೊಂದಿಗೆ ನೀವೇ ಒಮ್ಮೆ ಕುಳಿತು ಒಂದು ಒಪ್ಪಂದಕ್ಕೆ ಬನ್ನಿ. ವರದಿ ನೋಡುವವರ ಹೆಸರು, ಅವರ ಫೋನ್ ನಂಬರ್, ನೋಡುವ ದಿನ ಮತ್ತು ವೇಳೆ ಬರೆಸಿಕೊಳ್ಳಿ. ನಿಗದಿತ ವರದಿ ನೋಡಿದ ಮೇಲೆ ‘ನೋಡಿದೆವು, ಸರಿಯಾಗಿದೆ’ ಎಂದು ಎರಡು ಪದದ ಸಂದೇಶ ಅಪ್ಪನ ಮೊಬೈಲಿಗೇ ಕಳುಹಿಸಲು ಕೇಳಿ. ಗುಂಡಿ ಒತ್ತಿದಾಗಲೆಲ್ಲ ಫೋನ್ ಮಾಡಿ ಕಾರಣ ತಿಳಿಸುವುದು ಅಪ್ಪನ ಕಡೆಯ ಒಪ್ಪಂದ. ಸುಮ್ಮನೆ ಒತ್ತುವುದು ಬೇಡ. ನಮ್ಮಲ್ಲಿ ಎಷ್ಟೋ ಆಸ್ಪತ್ರೆಗಳು ಪೆಟ್ಟಿಗೆ ಕೊಡುತ್ತವೆ, ಅದರ ವರದಿ ನೋಡಲೆಂದೇ ಒಬ್ಬರನ್ನು ನೇಮಿಸುವುದಿಲ್ಲ. ಹೊರರೋಗಿ ವಿಭಾಗದ ಗದ್ದಲದ ನಡುವೆ ಯಾರಿಗೆ ಬಿಡುವೋ ಅವರು ನೋಡುತ್ತಾರೆ. ರೋಗಿಗಳ ಮನೆಯವರು ಕೇಳತೊಡಗಿದರೆ ಇದು ಬದಲಾಗುತ್ತದೆ. ಅಂತರರಾಷ್ಟ್ರೀಯ ತಜ್ಞ ಸಂಘಗಳು 2015ರಿಂದಲೇ ದೂರ ನಿಗಾವನ್ನು ಇಂಥ ಎಲ್ಲ ರೋಗಿಗಳಿಗೂ ಶಿಫಾರಸು ಮಾಡಿವೆ. ವರದಿ ನೋಡುವ ಸಿಬ್ಬಂದಿ ಇಲ್ಲದಿದ್ದರೆ ಆ ಶಿಫಾರಸಿನ ಅರ್ಧವಷ್ಟೇ ಪಾಲಿಸಿದಂತೆ.

ನಿಮ್ಮ ಮೊಬೈಲಿಗೆ ಮಾಹಿತಿ ಬೇಕೇ? ಅಪ್ಪ ತಾವಾಗಿ ಕೇಳಿಕೊಂಡರೆ ಮಾತ್ರ ಎನ್ನುತ್ತೇನೆ. ಹೆಚ್ಚಿನ ವ್ಯವಸ್ಥೆಗಳು ಹೃದಯದ ವಿವರಗಳನ್ನು ಮನೆಯವರಿಗೆ ಕಳುಹಿಸುವುದೂ ಇಲ್ಲ. ಬಂದರೂ ‘ನಿನ್ನೆ ಕನೆಕ್ಟ್ ಆಗಿಲ್ಲವಲ್ಲ ಅಪ್ಪ’ ಎಂಬುದೇ ನಿಮ್ಮ ಪ್ರತಿ ಫೋನಿನ ಮೊದಲ ಮಾತಾಗುತ್ತದೆ. ಕೊಳೆರೋಗಕ್ಕೆ ಔಷಧಿ ಹೊಡೆಸಿದಿರಾ, ಮಳೆ ಎಷ್ಟು ಬಂತು ಎಂದು ಕೇಳುವ ಮಗಳು ಅವರಿಗೆ ಈಗ ಹೆಚ್ಚು ಬೇಕು. ಇನ್ನು ಸಾಧನವನ್ನು ಯಾರಾದರೂ ಹ್ಯಾಕ್ ಮಾಡಿಯಾರೇ ಎಂದು ಹಲವರು ಕೇಳುತ್ತಾರೆ. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿ ಅವರ ಸಾಧನದ ನಿಸ್ತಂತು ಸಂಪರ್ಕವನ್ನು ಈ ಅಂಜಿಕೆಯಿಂದಲೇ ನಿಲ್ಲಿಸಿದ್ದರು. 2017ರಲ್ಲಿ ಅಲ್ಲಿನ ಸುಮಾರು 4,65,000 ಪೇಸ್‌ಮೇಕರ್‌ಗಳ ತಂತ್ರಾಂಶವನ್ನು ಭದ್ರತೆಗಾಗಿ ನವೀಕರಿಸಲು ಸೂಚನೆಯೂ ಹೊರಟಿತ್ತು. ದೋಷಗಳು ಕಂಡಾಗ ತಿದ್ದುತ್ತಾ ಬಂದಿದ್ದಾರೆ. ನಿಮ್ಮ ತಂದೆಯವರ ಮಟ್ಟಿಗೆ ಇದು ಚಿಂತಿಸಬೇಕಾದ ವಿಷಯವಲ್ಲ.

ಇಷ್ಟೆಲ್ಲ ಮಾಡಿ ಒಂದೆರಡು ತಿಂಗಳು ನೋಡಿದ ಮೇಲೂ ಅಪ್ಪ ‘ನನಗೆ ಈ ಪೆಟ್ಟಿಗೆ ಬೇಡ’ ಎಂದರೆ ಹಿಂದಿರುಗಿಸಬಹುದು. ಅದು ಅವರ ಹಕ್ಕು, ಬಲವಂತ ಬೇಡ. ಐಸಿಡಿ ಎಂದಿನಂತೆ ಕಾಯುತ್ತಲೇ ಇರುತ್ತದೆ. ಆಗ ಮೂರರಿಂದ ಆರು ತಿಂಗಳಿಗೊಮ್ಮೆ ತಪ್ಪದೆ ಆಸ್ಪತ್ರೆಗೆ ಹೋಗಿ ಸಾಧನವನ್ನು ತೋರಿಸಬೇಕು, ಬ್ಯಾಟರಿ ಕೊನೆಗೆ ಬಂದಂತೆ ಇನ್ನೂ ಬೇಗ ಬೇಗ. ಪೆಟ್ಟಿಗೆ ಹಿಂದಿರುಗಿಸುತ್ತಿದ್ದೇವೆ ಎಂದು ಕ್ಲಿನಿಕ್‌ಗೆ ಬರೆದು ಕೊಟ್ಟು, ಮುಂದಿನ ತಪಾಸಣೆಯ ತಾರೀಕನ್ನು ಅಂದೇ ಬರೆಸಿಕೊಂಡು ಬನ್ನಿ.